ಎಷ್ಟು ದೂರ, ಎಷ್ಟು ಹೊತ್ತು? ಎರಡು ವಿಮಾನ ನಿಲ್ದಾಣಗಳ ನಡುವಿನ ಲೆಕ್ಕ ಹಾಕೋದು ಹೀಗೆ

ಅಪ್ಪನ ಟಿಕೆಟ್‌ನಲ್ಲಿ ಇದ್ದದ್ದು ಇಷ್ಟೇ. ಲಂಡನ್ ಹೀಥ್ರೂ, ಬೆಳಿಗ್ಗೆ 11:00. ನ್ಯೂಯಾರ್ಕ್ ಜೆಎಫ್‌ಕೆ, ಮಧ್ಯಾಹ್ನ 2:00. ಅಣ್ಣನ ಮನೆಯಿಂದ ತಂಗಿಯ ಮನೆಗೆ ಅವರು ಮೊದಲ ಸಲ ಒಬ್ಬರೇ ಹೊರಟಿದ್ದರು. ಹಿಂದಿನ ರಾತ್ರಿ ನನಗೆ ಫೋನ್ ಮಾಡಿ, “ಹನ್ನೊಂದಕ್ಕೆ ಹೊರಟು ಎರಡಕ್ಕೆ ಇಳೀತೀನಂತೆ. ಮೂರೇ ಗಂಟೆನಾ ಪುಟ್ಟಿ?” ಎಂದು ಕೇಳಿದರು.

ನಾನು ಅವಸರದಲ್ಲಿದ್ದೆ. ದೂರ ಎಷ್ಟು ಅಂತ ಹುಡುಕಿದೆ, 5,540 ಕಿಲೋಮೀಟರ್ ಅಂತ ಬಂತು. ದೊಡ್ಡ ವಿಮಾನ ಗಂಟೆಗೆ 900 ಕಿಲೋಮೀಟರ್ ಹೋಗುತ್ತದೆ ಎನ್ನುವುದು ಗೊತ್ತಿತ್ತು. ಭಾಗಿಸಿದೆ. “ಇಲ್ಲಪ್ಪ, ಆರು ಗಂಟೆ ಹತ್ತು ನಿಮಿಷ” ಎಂದೆ. ಅಪ್ಪ ಅದನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿಗೆ ಹಾಕಿಕೊಂಡರು.

ಮರುದಿನ ಅವರ ಕೈಗಡಿಯಾರದಲ್ಲಿ ಸಂಜೆ 5:10 ಆಯಿತು. ಅದು ಲಂಡನ್ ಸಮಯ. ನನ್ನ ಲೆಕ್ಕದ ಪ್ರಕಾರ ವಿಮಾನ ಇಳಿದಿರಬೇಕಿತ್ತು. ಕಿಟಕಿಯಾಚೆ ಬರೀ ಮೋಡ. ಐದೂವರೆ ಆಯಿತು, ಆರಾಯಿತು. ಪಕ್ಕದವರು ನಿದ್ದೆ ಮಾಡುತ್ತಿದ್ದರು. ಯಾರನ್ನಾದರೂ ಕೇಳಲು ಅಪ್ಪನಿಗೆ ಸಂಕೋಚ. ಏನೋ ತೊಂದರೆಯಾಗಿದೆ, ಹೇಳುತ್ತಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡು ಕೂತಿದ್ದರಂತೆ. ಕೊನೆಗೆ ಗಗನಸಖಿ ಬಂದು ಎದುರಿನ ಪರದೆಯಲ್ಲಿ ನಕ್ಷೆ ಹಾಕಿ ತೋರಿಸಿದ ಮೇಲೆ ಸಮಾಧಾನವಾಯಿತು. ತಂಗಿ ಇದನ್ನು ಹೇಳಿದಾಗ ನನಗೆ ತುಂಬಾ ಬೇಸರವಾಯಿತು. ಅವರ ಒಂದು ಗಂಟೆಯ ಗಾಬರಿಗೆ ಕಾರಣ ನಾನು ಕೊಟ್ಟ ಅಂಕಿ.

ಅದಾದ ಮೇಲೆ ಈ ಲೆಕ್ಕವನ್ನು ಕೂತು ಸರಿಯಾಗಿ ಕಲಿತೆ. ಕಷ್ಟದ್ದೇನಲ್ಲ. ಆದರೆ “ಎಷ್ಟು ದೂರ” ಮತ್ತು “ಎಷ್ಟು ಹೊತ್ತು” ಎರಡೂ ಬೇರೆ ಬೇರೆ ಪ್ರಶ್ನೆ. ಒಂದರ ಉತ್ತರವನ್ನು ಸುಮ್ನೆ ವೇಗದಿಂದ ಭಾಗಿಸಿದರೆ ಇನ್ನೊಂದು ಸಿಗುವುದಿಲ್ಲ. ನಿಮ್ಮ ಮನೆಯವರಿಗೂ ಯಾರಿಗಾದರೂ ಚೀಟಿ ಬರೆದುಕೊಡುವ ಸಂದರ್ಭ ಬರುತ್ತದೆ ಅಲ್ವಾ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಲ್ದಾಣ ಯಾವುದು ನೋಡಿ

ಊರಿನ ಹೆಸರು ಸಾಲುವುದಿಲ್ಲ. ಲಂಡನ್ ಅಂದರೆ ಹೀಥ್ರೂ ಇರಬಹುದು, ಗ್ಯಾಟ್ವಿಕ್ ಇರಬಹುದು, ಸ್ಟ್ಯಾನ್‌ಸ್ಟೆಡ್, ಲ್ಯೂಟನ್, ಸಿಟಿ ಏರ್‌ಪೋರ್ಟ್ ಕೂಡ ಇರಬಹುದು. ನ್ಯೂಯಾರ್ಕ್ ಅಂದರೆ ಜೆಎಫ್‌ಕೆ, ಲಗಾರ್ಡಿಯಾ, ಇಲ್ಲವೇ ನದಿಯಾಚೆ ನ್ಯೂಜೆರ್ಸಿಯ ನ್ಯೂಆರ್ಕ್. ಒಂದೇ ಹೆಸರಿನ ಊರುಗಳೂ ಇವೆ. ಸಿಡ್ನಿ ಆಸ್ಟ್ರೇಲಿಯಾದಲ್ಲಿದೆ, ಕೆನಡಾದ ನೋವಾ ಸ್ಕೋಷಿಯಾದಲ್ಲೂ ಒಂದಿದೆ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದಲ್ಲೂ ಇದೆ.

ಹಾಗಾಗಿ ಟಿಕೆಟ್‌ನಲ್ಲಿರುವ ಮೂರಕ್ಷರದ ಕೋಡ್ ನೋಡಿ. ಹೀಥ್ರೂಗೆ ಎಲ್‌ಎಚ್‌ಆರ್, ಗ್ಯಾಟ್ವಿಕ್‌ಗೆ ಎಲ್‌ಜಿಡಬ್ಲ್ಯೂ, ಹೀಗೆ. ಇದನ್ನು ಕೊಡುವುದು ಐಯಾಟಾ, ಅಂದರೆ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೋ ಕೊಡುವ ನಾಲ್ಕಕ್ಷರದ ಕೋಡ್ ಇನ್ನೊಂದಿದೆ. ಅದು ಪೈಲಟ್‌ಗಳಿಗೆ ಮತ್ತು ವಿಮಾನ ನಿಯಂತ್ರಣದವರಿಗೆ. ನಮಗೆ ಮೂರಕ್ಷರ ಸಾಕು.

ದೂರ ಅಳೆಯುವುದು, ಮೊದಲು ದಾರದಿಂದ

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ತೆಗೆದುಕೊಳ್ಳಿ. ಒಂದು ಹೊಲಿಗೆ ದಾರ ಬೇಕು. ನಾನು ಅಪ್ಪನಿಗೆ ತೋರಿಸಿದ್ದೂ ಹೀಗೇ, ವಿಡಿಯೊ ಕಾಲ್‌ನಲ್ಲಿ.

ದಾರದ ಒಂದು ತುದಿಯನ್ನು ಲಂಡನ್ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ನ್ಯೂಯಾರ್ಕ್ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ಸಡಿಲ ಇರಬಾರದು. ಎಳೆದ ಹಾಗೆ ದಾರ ತಾನೇ ಜಾರಿ ಒಂದು ಜಾಗದಲ್ಲಿ ಕೂರುತ್ತದೆ. ಅದು ಕೂರುವ ಜಾಗ ನೋಡಿದರೆ ಆಶ್ಚರ್ಯವಾಗುತ್ತದೆ. ನ್ಯೂಯಾರ್ಕ್ ಇರುವುದು ಲಂಡನ್‌ಗಿಂತ ಎಷ್ಟೋ ದಕ್ಷಿಣಕ್ಕೆ, ಹೆಚ್ಚುಕಡಿಮೆ ಮ್ಯಾಡ್ರಿಡ್‌ನ ಸಾಲಿನಲ್ಲಿ. ಆದರೂ ದಾರ ಲಂಡನ್‌ನಿಂದ ಹೊರಡುವಾಗ ವಾಯವ್ಯಕ್ಕೆ ಏರುತ್ತದೆ. ಐರ್ಲೆಂಡ್ ದಾಟಿ, ಅಟ್ಲಾಂಟಿಕ್ ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿ, ಅಲ್ಲಿಂದ ಕೆಳಗಿಳಿದು ನ್ಯೂಯಾರ್ಕ್ ಸೇರುತ್ತದೆ.

ಇದೇ ಅತಿ ಹತ್ತಿರದ ದಾರಿ. ಇಂಗ್ಲಿಷಿನಲ್ಲಿ ಗ್ರೇಟ್ ಸರ್ಕಲ್ ಅನ್ನುತ್ತಾರೆ, ಶಾಲೆಯ ಪುಸ್ತಕದಲ್ಲಿ ಮಹಾವೃತ್ತ ಅಂತ ಇರುತ್ತದೆ. ಭೂಮಿಯನ್ನು ಸರಿಯಾಗಿ ಮಧ್ಯಕ್ಕೆ ಕತ್ತರಿಸಿದರೆ ಮೇಲ್ಮೈಯಲ್ಲಿ ಬರುವ ಗೆರೆ ಅದು. ಗೋಡೆಯ ಮೇಲೆ ನೇತು ಹಾಕುವ ನಕ್ಷೆಯಲ್ಲಿ ಅದು ಬಾಗಿದ ಹಾಗೆ ಕಾಣುತ್ತದೆ, ಬಾಗಿರುವುದು ನಕ್ಷೆ. 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ಮಾಡಿದ ನಕ್ಷೆಯ ಪದ್ಧತಿಯೇ ಇವತ್ತಿಗೂ ಬಹಳ ಕಡೆ ಇದೆ. ಅದರಲ್ಲಿ ಧ್ರುವದ ಕಡೆಗೆ ಹೋದಷ್ಟೂ ನೆಲ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು ಅನ್ನಿಸುತ್ತದೆ. ನಿಜಕ್ಕೂ ಆಫ್ರಿಕಾ ಅದರ ಸುಮಾರು 14 ಪಟ್ಟು ಇದೆ. ಹಾಗಾಗಿ ಚಪ್ಪಟೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಲೇಬೇಡಿ.

ದಾರದ ಮೇಲೆ ಎರಡೂ ಕಡೆ ಪೆನ್ನಿನಿಂದ ಗುರುತು ಹಾಕಿ, ಸ್ಕೇಲ್ ಮೇಲೆ ಚಾಚಿ ಅಳೆಯಿರಿ. 30 ಸೆಂಟಿಮೀಟರ್ ಅಡ್ಡಳತೆಯ ಗ್ಲೋಬ್ ಆದರೆ ಒಂದು ಸೆಂಟಿಮೀಟರ್‌ಗೆ ಸುಮಾರು 425 ಕಿಲೋಮೀಟರ್. ನನಗೆ 13 ಸೆಂಟಿಮೀಟರ್ ಬಂತು. ಗುಣಿಸಿದರೆ 5,525. ನಿಜವಾದ ಉತ್ತರಕ್ಕೆ 15 ಕಿಲೋಮೀಟರ್ ಕಮ್ಮಿ ಅಷ್ಟೇ. ಒಂದು ತುಂಡು ದಾರಕ್ಕೆ ಇಷ್ಟು ನಿಖರತೆ ಇದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಕ್ಯಾಲ್ಕುಲೇಟರ್‌ನಲ್ಲಿ

ದಾರ ಸಾಕು ಅನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಲೆಕ್ಕ ಇಷ್ಟಪಡುವವರಿಗೆ ಮಾತ್ರ ಇದು.

ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ನಿಲ್ದಾಣದ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದರೆ ಮೇಲ್ಗಡೆಯೇ ಎರಡು ಅಂಕಿ ಬರುತ್ತದೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಸಮಭಾಜಕದ ದಕ್ಷಿಣಕ್ಕಿದ್ದರೆ ಅಕ್ಷಾಂಶಕ್ಕೆ ಮೈನಸ್, ಗ್ರೀನಿಚ್‌ನ ಪಶ್ಚಿಮಕ್ಕಿದ್ದರೆ ರೇಖಾಂಶಕ್ಕೆ ಮೈನಸ್. ಈ ಮೈನಸ್ ಮರೆತರೆ ನ್ಯೂಯಾರ್ಕ್ ಏಷ್ಯಾದ ನಡುವೆ ಹೋಗಿ ಕೂರುತ್ತದೆ.

ಹೀಥ್ರೂ: 51.47, ಮೈನಸ್ 0.45. ಜೆಎಫ್‌ಕೆ: 40.64, ಮೈನಸ್ 73.78. ರೇಖಾಂಶಗಳ ವ್ಯತ್ಯಾಸ 73.33.

ಈಗ ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿ, ಸೈನ್ ಕೊಸೈನ್ ಇರುವ ಗುಂಡಿಗಳು ಬರುತ್ತವೆ. ಅದು ಡಿಗ್ರಿಯಲ್ಲಿದೆಯಾ, ರೇಡಿಯನ್‌ನಲ್ಲಿದೆಯಾ ಅಂತ ಮೊದಲು ನೋಡಿ. ಡಿಗ್ರಿಯಲ್ಲೇ ಇರಬೇಕು. ನನಗೆ ಮೊದಲೆರಡು ಸಲ ಅರ್ಥವಿಲ್ಲದ ಉತ್ತರ ಬಂದದ್ದು ಇದೇ ಕಾರಣಕ್ಕೆ.

ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.7823 ಗುಣಿಸು 0.6513, ಬಂದದ್ದು 0.5095. ಆಮೇಲೆ ಎರಡು ಅಕ್ಷಾಂಶಗಳ ಕೊಸೈನ್ ಮತ್ತು ರೇಖಾಂಶ ವ್ಯತ್ಯಾಸದ ಕೊಸೈನ್, ಮೂರನ್ನೂ ಗುಣಿಸಿ: 0.6229, 0.7588, 0.2869. ಬಂದದ್ದು 0.1356. ಎರಡನ್ನೂ ಕೂಡಿಸಿದರೆ 0.6451. ಇದಕ್ಕೆ ಕೊಸೈನ್ ಇನ್ವರ್ಸ್ ಒತ್ತಿ. 49.83 ಡಿಗ್ರಿ ಬರುತ್ತದೆ. ಭೂಮಿಯ ಸುತ್ತಳತೆಯನ್ನು 360ರಿಂದ ಭಾಗಿಸಿದರೆ ಡಿಗ್ರಿಗೆ 111.19 ಕಿಲೋಮೀಟರ್. ಗುಣಿಸಿ: 5,540 ಚಿಲ್ಲರೆ.

ಕೆಲವು ಜಾಲತಾಣಗಳಲ್ಲಿ 5,540 ಅಂತಲೂ ಕೆಲವದರಲ್ಲಿ 5,555ರ ಆಸುಪಾಸು ಅಂತಲೂ ಕಾಣುತ್ತದೆ. ಯಾವುದೂ ತಪ್ಪಲ್ಲ. ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿಲೋಮೀಟರ್, ಧ್ರುವದಲ್ಲಿ 6,357. ಈ ಚಪ್ಪಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರಿಗೆ ಒಂದು ಉತ್ತರ, ಬಿಟ್ಟವರಿಗೆ ಇನ್ನೊಂದು. ನಮ್ಮ ಕೆಲಸಕ್ಕೆ ಈ ವ್ಯತ್ಯಾಸ ಒಂದು ನಿಮಿಷದ್ದು.

ಮೈಲಿಯ ಬಗ್ಗೆಯೂ ಒಂದು ಎಚ್ಚರಿಕೆ. ವಿಮಾನದವರು ಬಳಸುವುದು ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿಲೋಮೀಟರ್. ನೆಲದ ಮೈಲಿ 1.609. ಲಂಡನ್–ನ್ಯೂಯಾರ್ಕ್ 3,442 ಮೈಲಿಯೂ ಹೌದು, 2,991 ನಾಟಿಕಲ್ ಮೈಲಿಯೂ ಹೌದು. ಯಾವುದರಲ್ಲಿ ಬರೆದಿದ್ದಾರೆ ಅಂತ ನೋಡದೆ ಹೋಲಿಸಬೇಡಿ.

“ಅಷ್ಟು ಎತ್ತರದಲ್ಲಿ ಹಾರಿದರೆ ದೂರ ಜಾಸ್ತಿ ಆಗಲ್ವಾ?” ಎಂದು ಅಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಆಗುತ್ತದೆ, ಆದರೆ ತೀರಾ ಕಮ್ಮಿ. 11 ಕಿಲೋಮೀಟರ್ ಎತ್ತರದಲ್ಲಿ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೆಚ್ಚಾಗುವುದು 10 ಕಿಲೋಮೀಟರ್ ಕೂಡ ಇಲ್ಲ.

ಗಂಟೆ ಲೆಕ್ಕ

ಇಲ್ಲೇ ನಾನು ಎಡವಿದ್ದು. 900 ಅನ್ನುವುದು ವಿಮಾನ ಮೇಲೆ ಏರಿ, ಸಮವಾಗಿ ಹಾರುವಾಗಿನ ವೇಗ. ಬೋಯಿಂಗ್ 787, ಏರ್‌ಬಸ್ ಎ350 ತರಹದ ದೊಡ್ಡ ವಿಮಾನಗಳು ಶಬ್ದದ ವೇಗದ 0.85 ಪಾಲಿನಲ್ಲಿ ಹಾರುತ್ತವೆ. ಅಷ್ಟು ಎತ್ತರದ ಚಳಿಯಲ್ಲಿ ಅದು ಗಂಟೆಗೆ ಸುಮಾರು 900 ಕಿಲೋಮೀಟರ್. ಎ320, 737 ತರಹದವು 0.78ರಲ್ಲಿ, ಅಂದರೆ 830 ಹತ್ತಿರ. ಎಟಿಆರ್ 72 ತರಹದ, ಫ್ಯಾನಿನ ಹಾಗೆ ತಿರುಗುವ ಪ್ರೊಪೆಲರ್ ಇರುವ ವಿಮಾನ 500 ಹತ್ತಿರ.

ಆದರೆ ವಿಮಾನ ಆ ವೇಗಕ್ಕೆ ಬರುವ ಮೊದಲು ಮತ್ತು ಬಿಟ್ಟ ಮೇಲೆ ಎಷ್ಟೊಂದು ಕೆಲಸ ಇದೆ. ಗೇಟಿನಿಂದ ಹಿಂದಕ್ಕೆ ತಳ್ಳಿಸಿಕೊಳ್ಳಬೇಕು. ರನ್‌ವೇ ತನಕ ನಿಧಾನವಾಗಿ ಉರುಳಿ, ಸರದಿಯಲ್ಲಿ ನಿಲ್ಲಬೇಕು. ಹಾರಿದ ಮೇಲೂ 10,000 ಅಡಿ ದಾಟುವ ತನಕ ಬಹಳ ದೇಶಗಳಲ್ಲಿ 250 ನಾಟ್, ಅಂದರೆ 463 ಕಿಲೋಮೀಟರ್ ವೇಗದ ಮಿತಿ ಇದೆ. ಇಳಿಯುವಾಗ ಇದೆಲ್ಲ ತಿರುಗಿ ಮತ್ತೊಂದು ಸಲ.

ಹಾಗಾಗಿ “ಎಷ್ಟು ಹೊತ್ತು” ಅನ್ನುವುದಕ್ಕೆ ಎರಡು ಉತ್ತರ. ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವ ತನಕ ಒಂದು. ಪೈಲಟ್ ಮೈಕಿನಲ್ಲಿ ಹೇಳುವುದು ಸಾಮಾನ್ಯವಾಗಿ ಇದು. ಗೇಟು ಬಿಟ್ಟಾಗಿನಿಂದ ಗೇಟು ಸೇರುವ ತನಕ ಇನ್ನೊಂದು. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ, ಟಿಕೆಟ್‌ನಲ್ಲಿರುವುದು ಇದು. ಮನೆಯವರಿಗೆ ಹೇಳುವಾಗ ಬ್ಲಾಕ್ ಟೈಮ್ ಹೇಳಿ. ಸೀಟಿನಲ್ಲಿ ಕೂತವರಿಗೆ ಬೇಕಾದದ್ದು ಅದೇ.

ನಾನು ಈಗ ಬಳಸುವ ಲೆಕ್ಕ ಸುಲಭದ್ದು. ಜೆಟ್ ವಿಮಾನವಾದರೆ, ದೂರವನ್ನು 850ರಿಂದ ಭಾಗಿಸಿ, ಬಂದದ್ದಕ್ಕೆ 40 ನಿಮಿಷ ಸೇರಿಸಿ.

500 ಕಿಲೋಮೀಟರ್ ಆದರೆ 35 ನಿಮಿಷಕ್ಕೆ 40 ಸೇರಿ ಒಂದೂಕಾಲು ಗಂಟೆ. ಹತ್ತಿರದ ಊರಿಗೆ ಹೋಗುವಾಗ ಅರ್ಧಕ್ಕಿಂತ ಜಾಸ್ತಿ ಹೊತ್ತು ಏರುವುದು, ಇಳಿಯುವುದು, ಉರುಳುವುದರಲ್ಲೇ ಹೋಗುತ್ತದೆ. ಇನ್ನೊಂದು ತುದಿಯಲ್ಲಿ ಸಿಂಗಪುರ–ನ್ಯೂಯಾರ್ಕ್, ಸುಮಾರು 15,350 ಕಿಲೋಮೀಟರ್. ಲೆಕ್ಕಕ್ಕೆ ಬರುವುದು 18 ಗಂಟೆ 43 ನಿಮಿಷ. ವೇಳಾಪಟ್ಟಿಯಲ್ಲೂ ಹದಿನೆಂಟೂವರೆ ಗಂಟೆಗಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಸಂಪೂರ್ಣ ಬೇರೆ ಎರಡು ಪ್ರಯಾಣಕ್ಕೂ ಒಂದೇ ಲೆಕ್ಕ ಕೂಡಿಬರುತ್ತದೆ.

ತೀರಾ ಚಿಕ್ಕದಕ್ಕೆ ಮಾತ್ರ ಇದು ಬೇಡ. ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳಿವೆ. ನಡುವೆ 2.7 ಕಿಲೋಮೀಟರ್. ಪುಟ್ಟ ವಿಮಾನ ಎರಡು ನಿಮಿಷದೊಳಗೆ ದಾಟುತ್ತದೆ, ಗಾಳಿ ಚೆನ್ನಾಗಿದ್ದ ಒಂದು ದಿನ 53 ಸೆಕೆಂಡಿನಲ್ಲಿ ದಾಟಿದ್ದೂ ಇದೆ.

ಲಂಡನ್–ನ್ಯೂಯಾರ್ಕ್‌ಗೆ ಈ ಲೆಕ್ಕ ಹಾಕಿದರೆ 7 ಗಂಟೆ 11 ನಿಮಿಷ. ಅಪ್ಪನಿಗೆ ಹಿಡಿದದ್ದು ಎಂಟು. ಉಳಿದದ್ದು ಎಲ್ಲಿ ಹೋಯಿತು?

ಗಾಳಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಂಟೆಯ ಲೆಕ್ಕವನ್ನು ಏರುಪೇರು ಮಾಡುವುದರಲ್ಲಿ ಗಾಳಿಯದೇ ದೊಡ್ಡ ಪಾಲು.

ಭೂಮಿಯ ಮೇಲೆ, ಸುಮಾರು 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಇದೆ. ಜೆಟ್ ಸ್ಟ್ರೀಮ್ ಅದರ ಹೆಸರು. ಚಳಿಗಾಲದಲ್ಲಿ ಜೋರು. ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ವಿಮಾನಗಳು ಹಾರುವುದೂ ಅದೇ ಎತ್ತರದಲ್ಲಿ. ಹೊಳೆಯಲ್ಲಿ ದೋಣಿ ಹೋದ ಹಾಗೆ. ಹರಿವಿನ ಜೊತೆ ಹೋದರೆ ಬೇಗ, ಎದುರು ಹೋದರೆ ತಡ. ವಿಮಾನದ ಇಂಜಿನ್ ಎರಡು ಸಲವೂ ಅಷ್ಟೇ ಕೆಲಸ ಮಾಡುತ್ತಿರುತ್ತದೆ, ಆದರೆ ನೆಲದ ಲೆಕ್ಕದಲ್ಲಿ ವೇಗ ಬದಲಾಗುತ್ತದೆ.

ಸರಾಸರಿ 100 ಕಿಲೋಮೀಟರ್ ಗಾಳಿ ಇದೆ ಅಂದುಕೊಳ್ಳಿ. ನ್ಯೂಯಾರ್ಕ್ ಕಡೆಗೆ ಹೋಗುವಾಗ ಎದುರುಗಾಳಿ, 900ರಲ್ಲಿ 100 ಕಳೆದು 800. 5,540ಕ್ಕೆ 6 ಗಂಟೆ 55 ನಿಮಿಷ. ಬರುವಾಗ 1,000. ಅದಕ್ಕೆ 5 ಗಂಟೆ 32 ನಿಮಿಷ. ಒಂದೇ ದಾರಿ, ಒಂದೇ ವಿಮಾನ, ಹತ್ತಿರ ಹತ್ತಿರ ಒಂದೂವರೆ ಗಂಟೆ ವ್ಯತ್ಯಾಸ. ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಸಿಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಕೂಡಿಸಿ ನೋಡಿ, ಸಿಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 12 ಗಂಟೆ 18 ನಿಮಿಷ, ಗಾಳಿ ಇದ್ದರೆ 12 ಗಂಟೆ 27. ಎದುರುಗಾಳಿಯಲ್ಲಿ ನಾವು ಜಾಸ್ತಿ ಹೊತ್ತು ಇರುತ್ತೇವೆ, ಹಿಂದಿನಿಂದ ತಳ್ಳುವ ಗಾಳಿಯಲ್ಲಿ ಕಮ್ಮಿ ಹೊತ್ತು. ಅದಕ್ಕೇ ಹೀಗೆ.

ಗಾಳಿಯ ಬಲ ಎಷ್ಟು ಅಂತ ಗೊತ್ತಾಗಬೇಕಾದರೆ 2020ರ ಫೆಬ್ರವರಿ ನೆನಪಿಸಿಕೊಳ್ಳಿ. ಸಿಯಾರಾ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಶಬ್ದದ ವೇಗ ಮೀರದ ವಿಮಾನ, ಆದರೂ ದಾರಿಯ ಒಂದು ಹಂತದಲ್ಲಿ ನೆಲದ ಲೆಕ್ಕದಲ್ಲಿ ಗಂಟೆಗೆ 1,300 ಕಿಲೋಮೀಟರ್ ದಾಟಿದ ವೇಗ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಮಾತು ಬೇರೆ. ಅದು ಇದೇ ದಾರಿಯನ್ನು 1996ರಲ್ಲಿ 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಹಾರಿತ್ತು. 2003ರಲ್ಲಿ ಅದರ ಹಾರಾಟ ನಿಂತುಹೋಯಿತು.

“ಭೂಮಿ ಪೂರ್ವಕ್ಕೆ ತಿರುಗುತ್ತಲ್ಲಮ್ಮ, ಪಶ್ಚಿಮಕ್ಕೆ ಹೋದರೆ ಊರೇ ನಮ್ಮ ಕಡೆ ಬರಬೇಕಲ್ವಾ?” ಇದೂ ಅಪ್ಪನ ಪ್ರಶ್ನೆಯೇ. ಬರುವುದಿಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತಿದೆ, ವಿಮಾನ ಆ ಗಾಳಿಯೊಳಗೇ ಇದೆ.

ಗಾಳಿ ಗಂಟೆಯನ್ನಷ್ಟೇ ಅಲ್ಲ, ದಾರಿಯನ್ನೂ ಬದಲಿಸುತ್ತದೆ. ಉತ್ತರ ಅಟ್ಲಾಂಟಿಕ್ ಮೇಲೆ ವಿಮಾನಗಳು ಹೋಗುವ ದಾರಿಗಳನ್ನು ಅವತ್ತವತ್ತಿನ ಗಾಳಿ ನೋಡಿ ಪ್ರತಿದಿನ ಹೊಸದಾಗಿ ಹಾಕುತ್ತಾರೆ. ಲಂಡನ್‌ಗೆ ಬರುವವರಿಗೆ ಜೆಟ್ ಸ್ಟ್ರೀಮ್ ಸಿಗುವ ಹಾಗೆ, ಹೋಗುವವರಿಗೆ ಅದು ತಪ್ಪುವ ಹಾಗೆ. ಕೆಲವು ಸಲ ಇನ್ನೂರು ಕಿಲೋಮೀಟರ್ ಸುತ್ತಿದರೂ ಬೇಗ ತಲುಪಬಹುದು. ಹಾಗಾಗಿ ನೀವು ಅಳೆದ ದಾರದ ಗೆರೆಯ ಮೇಲೆಯೇ ವಿಮಾನ ಹೋಗುತ್ತದೆ ಅಂದುಕೊಳ್ಳಬೇಡಿ.

ನನ್ನ ಲೆಕ್ಕಕ್ಕೆ ಇದನ್ನು ಸೇರಿಸುವುದು ಹೀಗೆ. ಉತ್ತರ ಗೋಳಾರ್ಧದ ನಡು ಭಾಗದಲ್ಲಿ ಉದ್ದದ ಪ್ರಯಾಣ ಪಶ್ಚಿಮಕ್ಕೆ ಆದರೆ ಪ್ರತಿ ಏಳು ಗಂಟೆಗೆ ಸುಮಾರು ಮುಕ್ಕಾಲು ಗಂಟೆ ಸೇರಿಸುತ್ತೇನೆ. ಪೂರ್ವಕ್ಕೆ ಆದರೆ ಸ್ವಲ್ಪವೇ ಕಳೆಯುತ್ತೇನೆ, ಕಾಲು ಗಂಟೆಯಷ್ಟು. ಉತ್ತರ–ದಕ್ಷಿಣ ಆದರೆ ಏನೂ ಮಾಡುವುದಿಲ್ಲ. ಪೂರ್ವಕ್ಕೆ ಯಾಕೆ ಪೂರ್ತಿ ಕಳೆಯುವುದಿಲ್ಲ ಅಂದರೆ, ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ತಡಕ್ಕೆ ಅಂತ ಸ್ವಲ್ಪ ಜಾಗ ಬಿಟ್ಟೇ ಇರುತ್ತವೆ. ರನ್‌ವೇ ಮುಂದಿನ ಸರದಿ, ಇಳಿಯುವ ಮುಂಚಿನ ಕಾಯುವಿಕೆ ಎಲ್ಲ ಅದರಲ್ಲಿ ಸೇರಿದೆ. ಹೀಥ್ರೂ ಸುತ್ತ ಹೀಗೆ ಕಾಯುವುದಕ್ಕೆಂದೇ ನಾಲ್ಕು ಜಾಗಗಳಿವೆ: ಬೋವಿಂಗ್ಡನ್, ಲ್ಯಾಂಬೋರ್ನ್, ಒಕಮ್, ಬಿಗಿನ್. ಅಲ್ಲಿ ವಿಮಾನಗಳು ಒಂದರ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ ಸುತ್ತು ಹಾಕುತ್ತಾ ಸರದಿ ಕಾಯುತ್ತವೆ.

ಹೀಗೆ ನೋಡಿದರೆ ಅಪ್ಪನ ಪ್ರಯಾಣಕ್ಕೆ 7:11 ಮತ್ತು ಮುಕ್ಕಾಲು ಗಂಟೆ. ಎಂಟು ಗಂಟೆಗೆ ನಾಲ್ಕು ನಿಮಿಷ ಕಮ್ಮಿ.

ದಾರಿ ಮುಚ್ಚಿದ್ದರೆ

ಯಾವ ಲೆಕ್ಕಕ್ಕೂ ಸಿಗದ ಒಂದು ವಿಷಯ ಇದೆ. ಹೆಲ್ಸಿಂಕಿ–ಟೋಕಿಯೊ ಸುಮಾರು 7,800 ಕಿಲೋಮೀಟರ್. ನನ್ನ ಲೆಕ್ಕದಲ್ಲಿ 9 ಗಂಟೆ 50 ನಿಮಿಷ, ಮೊದಲು ಹಿಡಿಯುತ್ತಿದ್ದದ್ದೂ ಅಷ್ಟೇ ಹೊತ್ತು. 2022ರ ಫೆಬ್ರವರಿ ನಂತರ ರಷ್ಯಾದ ಆಕಾಶ ಯುರೋಪಿನ ಬಹಳ ಸಂಸ್ಥೆಗಳಿಗೆ ಮುಚ್ಚಿತು. ಫಿನ್ಲೆಂಡಿನ ಫಿನ್ನೇರ್ ಸಂಸ್ಥೆಯ ವಿಮಾನಗಳು ಉತ್ತರ ಧ್ರುವದ ಮೇಲೆ, ಇಲ್ಲವೇ ದಕ್ಷಿಣದಿಂದ ಸುತ್ತಿ ಹೋಗಬೇಕಾಯಿತು. ಸುಮಾರು 13 ಗಂಟೆ. ದೂರ ಬದಲಾಗಿಲ್ಲ, ಪ್ರಯಾಣ ಬದಲಾಯಿತು. ಆದ್ದರಿಂದ ಲೆಕ್ಕ ಹಾಕಿದ ಮೇಲೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಜಾಲತಾಣದಲ್ಲಿ ಅದೇ ಫ್ಲೈಟ್ ನಂಬರ್ ಹಾಕಿ, ಕಳೆದ ಕೆಲವು ದಿನ ಅದು ಎಷ್ಟು ಗಂಟೆ ಹಾರಿದೆ, ಯಾವ ದಾರಿಯಲ್ಲಿ ಹೋಗಿದೆ ಅಂತ ಒಂದು ಸಲ ನೋಡಿ. ಒಂದೇ ದಿನದ್ದು ನೋಡಬೇಡಿ, ನಾಲ್ಕೈದು ದಿನದ್ದು ನೋಡಿ.

ಗಡಿಯಾರದ ಗೊಂದಲ

ಈಗ ಅಪ್ಪನ ಮೊದಲ ಪ್ರಶ್ನೆಗೆ ಬರೋಣ. ಹನ್ನೊಂದರಿಂದ ಎರಡು, ಮೂರೇ ಗಂಟೆನಾ?

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ನೇರ ಕಳೆಯುವ ಹಾಗಿಲ್ಲ. ಮೊದಲು ಎರಡನ್ನೂ ಒಂದೇ ಗಡಿಯಾರಕ್ಕೆ ತನ್ನಿ. ನ್ಯೂಯಾರ್ಕ್ ಲಂಡನ್‌ಗಿಂತ 5 ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ 2 ಅಂದರೆ ಲಂಡನ್‌ನಲ್ಲಿ ಸಂಜೆ 7. ಹನ್ನೊಂದರಿಂದ ಏಳು, ಎಂಟು ಗಂಟೆ. ಉತ್ತರ ಟಿಕೆಟ್‌ನಲ್ಲೇ ಇತ್ತು. ನಾನು ದೂರ ಹುಡುಕಿ ಭಾಗಿಸುವ ಬದಲು ಇದನ್ನು ಹೇಳಿದ್ದರೆ ಸಾಕಿತ್ತು.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಈ 5 ಗಂಟೆ ವರ್ಷವಿಡೀ 5 ಅಲ್ಲ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ, ಬ್ರಿಟನ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ವ್ಯತ್ಯಾಸ 4 ಗಂಟೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕವೂ ಹಾಗೇ. ಪ್ರಯಾಣದ ದಿನಾಂಕ ಹಾಕಿಯೇ ವ್ಯತ್ಯಾಸ ನೋಡಿ, ಇವತ್ತಿನದಲ್ಲ. ಎಲ್ಲ ಕಡೆ ಪೂರ್ತಿ ಗಂಟೆಯ ವ್ಯತ್ಯಾಸವೂ ಇರುವುದಿಲ್ಲ. ಗ್ರೀನಿಚ್ ಸಮಯಕ್ಕಿಂತ ಭಾರತದ್ದು ಐದೂವರೆ ಗಂಟೆ ಮುಂದೆ, ನೇಪಾಳದ್ದು ಐದೂಮುಕ್ಕಾಲು.

ದಿನಾಂಕ ರೇಖೆ ದಾಟಿದರೆ ಇನ್ನೂ ವಿಚಿತ್ರ ಕಾಣುತ್ತದೆ. ಟೋಕಿಯೊದಿಂದ ಚಳಿಗಾಲದ ಒಂದು ಸಂಜೆ 5ಕ್ಕೆ ಹೊರಟು ಹತ್ತು ಗಂಟೆ ಹಾರಿದರೆ ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಿಗ್ಗೆ 10. ಹೊರಟದ್ದಕ್ಕಿಂತ ಮುಂಚೆ ಇಳಿದ ಹಾಗೆ. ಲೆಕ್ಕ ಮಾತ್ರ ಒಂದೇ: ಟೋಕಿಯೊ ಸಮಯದಲ್ಲಿ ಅದು ಮರುದಿನ ಬೆಳಗಿನ ಜಾವ 3. ಇನ್ನು ತಲುಪುವ ಸಮಯದ ಪಕ್ಕ ಸಣ್ಣದಾಗಿ +1 ಅಂತ ಇದ್ದರೆ ಮರುದಿನ ಅಂತ ಅರ್ಥ. ಕರೆದುಕೊಂಡು ಬರಲು ಹೋಗುವವರು ಅದನ್ನು ಖಂಡಿತ ನೋಡಬೇಕು.

ವಾಪಸ್ ಬರುವಾಗಿನ ಚೀಟಿ

ಎರಡು ತಿಂಗಳ ನಂತರ ಅಪ್ಪ ಲಂಡನ್‌ಗೆ ವಾಪಸ್ ಹೊರಟರು. ಜೆಎಫ್‌ಕೆ ಸಂಜೆ 7:00, ಹೀಥ್ರೂ ಬೆಳಿಗ್ಗೆ 7:00, +1. ಈ ಸಲ ಚೀಟಿಯನ್ನು ನಾನೇ ಹೇಳಿ ಬರೆಸಿದೆ. ಇಷ್ಟಿತ್ತು:

ದೂರ 5,540 ಕಿಲೋಮೀಟರ್. ಹೋಗುವಾಗ ಇದ್ದಷ್ಟೇ.

ಗೇಟಿನಿಂದ ಗೇಟಿಗೆ 7 ಗಂಟೆ. ಪೈಲಟ್ ಆರು ಗಂಟೆ ಚಿಲ್ಲರೆ ಅಂತ ಹೇಳಬಹುದು, ಅದು ಗಾಳಿಯಲ್ಲಿರುವ ಹೊತ್ತು ಮಾತ್ರ.

ಕೂತ ತಕ್ಷಣ ಗಡಿಯಾರವನ್ನು 5 ಗಂಟೆ ಮುಂದೆ ಇಡಿ. ಅದರಲ್ಲಿ ರಾತ್ರಿ 12 ಆಗುತ್ತದೆ. ಅಲ್ಲಿಂದ ಏಳು ಎಣಿಸಿ.

ರಾತ್ರಿ ಮಾತ್ರೆ ಊಟ ಆದ ಮೇಲೆ. ಬೆಳಗಿನದು ಅಣ್ಣನ ಮನೆಗೆ ಹೋದ ಮೇಲೆ.

ಏಳು ದಾಟಿದರೂ ಗಾಬರಿ ಬೇಡ. ಲಂಡನ್ ಮೇಲೆ ಸರದಿಗಾಗಿ ಸುತ್ತು ಹಾಕುತ್ತಿರಬಹುದು.

ಬೆಳಿಗ್ಗೆ ಅಣ್ಣನ ಕಾರಿನಿಂದಲೇ ಫೋನ್ ಬಂತು. “ಸುತ್ತು ಹಾಕಿತು ಕಣಮ್ಮ,” ಅಂದರು ಅಪ್ಪ. “ಸೂರ್ಯ ಒಂದು ಸಲ ಈ ಕಿಟಕಿಗೆ ಬರ್ತಿದ್ದ, ಒಂದು ಸಲ ಆ ಕಿಟಕಿಗೆ. ಮೂರು ಸುತ್ತು ಎಣಿಸಿದೆ. ಪಕ್ಕದಲ್ಲಿ ಒಬ್ಬ ಹುಡುಗ ಕೂತಿದ್ದ, ಯಾಕೆ ಇಳೀತಿಲ್ಲ ಅಂತ ಹೆದರಿಕೊಂಡಿದ್ದ. ಅವನಿಗೆ ಚೀಟಿ ತೋರಿಸಿ, ಏನೂ ಇಲ್ಲಪ್ಪ, ಸರದಿ ಅಷ್ಟೇ ಅಂತ ಹೇಳಿದೆ.”